ಕೂಗಿದರೆ ಕೇಳುತ್ತದಂತೆ

ಆಗಸ್ಟ್ ೯

ಕುಳ್ಳಿಗೆ,

ಎಲ್ಲರೂ ಕ್ಷೇಮ ಎಂದು ಬರೆದು ಒಂದು ಸಾಲು ಹಾಳು ಮಾಡುವುದಿಲ್ಲ. ಯಾರಿಗಾದರೂ ಏನಾದರೂ ಆಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ.

ನಿನ್ನ ಆಫೀಸು ಆ ಊರಿಗೆ ಎತ್ತಂಗಡಿಯಾಗಿ ಎರಡು ತಿಂಗಳಾಯಿತು. ಇಲ್ಲಿ ನೀನು ಕೂರುತ್ತಿದ್ದ ಮಹಡಿಗೆ ಬೀಗ ಬಿದ್ದಿದೆ. ಕಿಟಕಿಯಲ್ಲಿ ನೀನು ಬಿಟ್ಟುಹೋದ ಗಿಡ ಮಾತ್ರ ಕೆಳಗಿನಿಂದ ಈಗಲೂ ಹಸಿರಾಗಿ ಕಾಣುತ್ತದೆ. ಅಷ್ಟು ಪ್ರೀತಿಯಿಂದ ನೀರು ಹಾಕುತ್ತಿದ್ದೆಯಲ್ಲ, ಅದು ಪ್ಲಾಸ್ಟಿಕ್ಕು ಕಣೇ.

ಎಲ್ಲ ಕಡೆಯ ಜನ ಇಲ್ಲೇ ಇಳಿದು, ಇಲ್ಲಿಂದಲೇ ಇನ್ನೊಂದು ವಿಮಾನ ಹತ್ತುತ್ತಿದ್ದ ಕಾಲದಲ್ಲಿ ನಾವು ದಿನಕ್ಕೆ ತೊಂಬತ್ತು ವಿಮಾನ ಖಾಲಿ ಮಾಡಿ ತುಂಬಿದ್ದೇವೆ. ನಿನ್ನೆ ಎಣಿಸಿದೆ, ಮೂವತ್ತೊಂದು. ಉದ್ದದ ಹಜಾರದಲ್ಲಿ ಜನರನ್ನು ಹೊತ್ತು ಓಡುತ್ತಿದ್ದ ನೆಲದ ಪಟ್ಟಿಯನ್ನು ನಿಲ್ಲಿಸಿದ್ದಾರೆ. ಪ್ರಯಾಣಿಕರು ಅದರ ಮೇಲೆ ನಿಂತು ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ಅತ್ತಿತ್ತ ನೋಡಿ ನಾಚಿಕೊಂಡು ನಡೆಯುತ್ತಾರೆ.

ನಮ್ಮ ಮೂವರ ತಂಡ ಹಾಗೇ ಇದೆ. ಮೀಸೆ ವಿಮಾನದ ಹೊಟ್ಟೆಯೊಳಗೆ ಕೂತು ಪೆಟ್ಟಿಗೆ ಜೋಡಿಸುತ್ತಾನೆ. ನಾನು ಕೆಳಗೆ ಬೆಲ್ಟ್ ಗಾಡಿಯ ಸ್ವಿಚ್ಚಿನ ಹತ್ತಿರ ನಿಂತು, ಪೆಟ್ಟಿಗೆಗಳನ್ನು ಬೆಲ್ಟಿನ ಮೇಲಿಟ್ಟು ಅವನಿಗೆ ಕಳಿಸುತ್ತೇನೆ. ಪೈಲ್ವಾನ್ ನಡುವೆ ನಿಂತು ಇಬ್ಬರನ್ನೂ ನೋಡುತ್ತಾ ಕೈಸನ್ನೆ ಮಾಡುತ್ತಾನೆ. ಕೈ ಎತ್ತಿದರೆ ಬೆಲ್ಟು ನಿಲ್ಲಿಸಬೇಕು, ಬೀಸಿದರೆ ಬಿಡಬೇಕು. ಇಪ್ಪತ್ತಾರು ವರ್ಷದಲ್ಲಿ ನಾವು ಮೂವರು ಕೆಲಸದ ಹೊತ್ತಿನಲ್ಲಿ ಇಪ್ಪತ್ತಾರು ಮಾತೂ ಆಡಿರಲಿಕ್ಕಿಲ್ಲ. ಎಂಜಿನ್ನುಗಳ ಆ ಆರ್ಭಟದಲ್ಲಿ, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಯಾರು ಮಾತಾಡುತ್ತಾರೆ?

ಈ ಕಾಗದ ಕಂಪನಿಯ ಟಪಾಲು ಚೀಲದಲ್ಲಿ ಬರುತ್ತದೆ. ಬೆಳಗಿನ ವಿಮಾನಕ್ಕೆ ಹಾಕಿದರೆ ಮಧ್ಯಾಹ್ನದೊಳಗೆ ನಿನ್ನ ಮೇಜಿನ ಮೇಲೆ. ಫೋನ್ ಮಾಡು, ಫೋನ್ ಮಾಡು ಎಂದು ಪ್ರಾಣ ತಿನ್ನಬೇಡ. ಫೋನಿನ ಮಾತು ಆಡಿದ ಕೂಡಲೇ ಗಾಳಿಗೆ ಹೋಗುತ್ತದೆ, ಕಾಗದವಾದರೆ ಜೇಬಿನಲ್ಲಿ ಉಳಿಯುತ್ತದೆ. ಮೊಬೈಲಿನಲ್ಲಿ ಅಕ್ಷರ ಒತ್ತೋಣ ಎಂದರೆ ನನ್ನ ಹೆಬ್ಬೆರಳು ಒಟ್ಟಿಗೇ ನಾಲ್ಕು ಒತ್ತುತ್ತದೆ.

ಊಟ ಸರಿಯಾಗಿ ಮಾಡು.

ಅಣ್ಣ


ಆಗಸ್ಟ್ ೧೨

ಅಣ್ಣಾ,

ಪ್ಲಾಸ್ಟಿಕ್ಕೇ ಆಗಲಿ, ನೀರು ಹಾಕಿದ್ದು ನಿಜ ತಾನೆ? ನಿನಗೆ ನನ್ನ ಪ್ರೀತಿಯ ಬೆಲೆ ಯಾವತ್ತೂ ಗೊತ್ತಾಗಿಲ್ಲ.

ಇಲ್ಲಿ ಆಫೀಸಿನ ಗೋಡೆಗಳಿಗೆ ಇನ್ನೂ ಹೊಸ ಬಣ್ಣದ ವಾಸನೆ. ನಾನಿರುವುದು ಆರನೇ ಮಹಡಿಯ ಒಂದೇ ಕೋಣೆಯಲ್ಲಿ. ಎದುರುಮನೆಯವರು ಲಿಫ್ಟಿನಲ್ಲಿ ಸಿಕ್ಕರೆ ಮೊಬೈಲ್ ನೋಡಿಕೊಂಡು ನಿಲ್ಲುತ್ತಾರೆ. ಭಾನುವಾರ ಸಂಜೆ ಹೊತ್ತಿಗೆ, ಬೆಳಗಿನಿಂದ ಒಂದು ಮಾತೂ ಆಡಿಲ್ಲ ಎಂದು ಹೊಳೆದು, ಕನ್ನಡಿ ಮುಂದೆ ನಿಂತು "ಏನಮ್ಮಾ ಕುಳ್ಳಿ" ಎಂದೆ. ನಗಬೇಡ.

ಮುಖ್ಯ ವಿಷಯ. ಈ ನಿಲ್ದಾಣ ಬೆಳೆಯುತ್ತಿದೆ, ಲಗೇಜು ವಿಭಾಗಕ್ಕೆ ಮೂವರು ಮೇಸ್ತ್ರಿಗಳು ಬೇಕಂತೆ. ಹಳೆಯ ನಿಲ್ದಾಣದವರಿಗೇ ಮೊದಲ ಅವಕಾಶ. ಅರ್ಜಿ ತುಂಬಿ ಕಳಿಸಬೇಕು, ಒಂದು ದಿನ ಬಂದು ಇಲ್ಲಿನ ಡಾಕ್ಟರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಷ್ಟೇ. ಸೆಪ್ಟೆಂಬರ್ ಮೂವತ್ತು ಕೊನೆಯ ದಿನ. ಅರ್ಜಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಅತ್ತಿಗೆಯನ್ನೂ ನನ್ನ ಸೋದರಸೊಸೆಯನ್ನೂ ಕರೆದುಕೊಂಡು ಬಂದುಬಿಡು.

ಅಲ್ಲಿನ ವಿಮಾನಗಳ ಭವಿಷ್ಯವೇನು ಎಂದು ಮಾತ್ರ ಕೇಳಬೇಡ. ವೇಳಾಪಟ್ಟಿ ಮಾಡುವ ನಾವು ಬಾಯಿಬಿಡುವಂತಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದಾರೆ. ನೀನು ಬಾ ಎಂದಷ್ಟೇ ಹೇಳುತ್ತೇನೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಸೊಟ್ಟ ಜಡೆ ಹಾಕಿ ಶಾಲೆಗೆ ಕಳಿಸಿದವನು ನೀನು. ನೀನು ಅಲ್ಲಿ, ನಾನು ಇಲ್ಲಿ ಎಂದರೆ ನನಗೆ ಯಾವುದೂ ರುಚಿಸುವುದಿಲ್ಲ.

ಕುಳ್ಳಿ


ಸೆಪ್ಟೆಂಬರ್ ೬

ಕುಳ್ಳಿಗೆ,

ತಡವಾಯಿತು. ಕೆಲಸವೇನೂ ಇರಲಿಲ್ಲ, ಅದಕ್ಕೇ ತಡ. ಕೈತುಂಬ ಕೆಲಸವಿದ್ದಾಗ ನಡುವೆ ಹೇಗೋ ಬರೆದು ಮುಗಿಸುತ್ತಿದ್ದೆ.

ಹದಿನೆಂಟು ವಿಮಾನ ಈಗ. ಒಂದು ಹೋದ ಮೇಲೆ ಇನ್ನೊಂದು ಬರುವವರೆಗೆ ಅಂಗಳ ಬಿಕೋ ಎನ್ನುತ್ತದೆ. ಕಿವಿಮುಚ್ಚಳವನ್ನು ಎಲ್ಲರೂ ಗೂಟಕ್ಕೆ ನೇತುಹಾಕಿದ್ದಾರೆ. ಒಂದು ತಮಾಷೆ ಕೇಳು. ನಮ್ಮ ಮೀಸೆ ಕೆಲಸ ಮಾಡುತ್ತಾ ಹಾಡುತ್ತಾನಂತೆ. ದನಿ ಬಹಳ ಚೆನ್ನಾಗಿದೆಯಂತೆ, ವಿಮಾನದ ಹೊಟ್ಟೆಯೊಳಗಿಂದ ಗುಂಯ್ ಎಂದು ಬರುತ್ತದಂತೆ. ಇಪ್ಪತ್ತಾರು ವರ್ಷ ಅದು ಯಾರಿಗೂ ಗೊತ್ತೇ ಇರಲಿಲ್ಲ. ಛಾವಣಿಯ ಸಂದಿಗಳಲ್ಲಿ ಪಾರಿವಾಳ ಸೇರಿಕೊಂಡಿವೆ, ಇಡೀ ದಿನ ಗುಟುರು ಹಾಕುತ್ತವಂತೆ. ಪೈಲ್ವಾನನಿಗೆ ಅದೊಂದು ತಲೆನೋವು.

ಮೊದಲು ಅಂಗಳದಲ್ಲಿ ಎಲ್ಲರೂ ಒಂದೇ ಆಗಿದ್ದೆವು. ಈಗ ಗುಂಪು ಕೂಡಿಕೊಂಡು ಮಾತಾಡುತ್ತಾರೆ, ನಗುತ್ತಾರೆ. ನನಗೆ ಆ ಗದ್ದಲವೇ ಚೆನ್ನಾಗಿತ್ತು.

ಅರ್ಜಿಯ ವಿಷಯ. ನಿನ್ನ ಅತ್ತಿಗೆಗೆ ಮನಸ್ಸಿಲ್ಲ. ಇಲ್ಲಿನ ಮನೆ, ಅಕ್ಕಪಕ್ಕದವರು ಎಲ್ಲ ಅಭ್ಯಾಸವಾಗಿದೆ ಎನ್ನುತ್ತಾಳೆ. ನಿನ್ನ ಸೊಸೆಗೂ ಇದು ಪರೀಕ್ಷೆಯ ವರ್ಷ. ನೋಡೋಣ.

ಅಣ್ಣ


ಅಕ್ಟೋಬರ್ ೩

ಅಣ್ಣಾ,

ನೋಡೋಣ ನೋಡೋಣ ಎನ್ನುತ್ತಾ ಕೊನೆಯ ದಿನ ದಾಟಿತು. ನಾಲ್ಕು ಕಾಗದ ಬರೆದೆ. ಮೀಸೆಯ ಹಾಡು, ಪಾರಿವಾಳದ ಗುಟುರು ಎಲ್ಲಕ್ಕೂ ನಿನ್ನ ಹತ್ತಿರ ಹಾಳೆಯಿದೆ, ನಾನು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ಇದಕ್ಕೆ ಜಾಣಕಿವುಡು ಎನ್ನುತ್ತಾರೆ. ಬೇಕಾದ್ದು ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ.

ಮೊನ್ನೆ ಅತ್ತಿಗೆಗೇ ಫೋನ್ ಮಾಡಿದೆ. "ನನಗೆ ಇಷ್ಟ ಇಲ್ಲಮ್ಮ, ಅಷ್ಟೇ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಯಾಕೆ ಎಂದರೆ "ಇಷ್ಟ ಇಲ್ಲ ಅಂದ್ನಲ್ಲ" ಎಂದರು. ಅಣ್ಣಾ, ನೀನು ಸಿಟ್ಟು ಮಾಡಿಕೊಂಡರೂ ಸರಿ, ಬರೆದೇ ಬಿಡುತ್ತೇನೆ: ಅವರು ನಿನ್ನ ಕಾಲಿಗೆ ಕಟ್ಟಿದ ಗುಂಡು. ತಮ್ಮ ಅಕ್ಕಪಕ್ಕದ ಹರಟೆ ತಪ್ಪಬಾರದೆಂದು ನಿನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆ. ಈ ಸಾಲನ್ನು ಬೇಕಾದರೆ ಅವರಿಗೇ ಓದಿ ಹೇಳು.

ನಮ್ಮ ಮುಖ್ಯಸ್ಥರ ಕೈಕಾಲು ಹಿಡಿದು ಒಂದು ಜಾಗವನ್ನು ನವೆಂಬರ್ ಮೂವತ್ತರವರೆಗೆ ಖಾಲಿ ಇಡಿಸಿದ್ದೇನೆ. ಇದಕ್ಕಿಂತ ಹೆಚ್ಚು ಏನೂ ಬರೆಯುವಂತಿಲ್ಲ. ತಿಂಗಳ ಕೊನೆಯಲ್ಲಿ ಚಳಿಗಾಲದ ವೇಳಾಪಟ್ಟಿ ಬರುತ್ತದೆ, ಆಗ ನಿನಗೇ ಗೊತ್ತಾಗುತ್ತದೆ.

ಕುಳ್ಳಿ


ನವೆಂಬರ್ ೧

ಕುಳ್ಳಿಗೆ,

ಗೊತ್ತಾಯಿತು. ಹದಿನೆಂಟು ಹೋಗಿ ನಾಲ್ಕು. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ಸಂಜೆ ಒಂದು. ಗೋಡೆಗೆ ಹಚ್ಚಿದ ಪಟ್ಟಿಯ ಮುಂದೆ ಎಲ್ಲರೂ ನಿಂತಿದ್ದೆವು. ಓದಲು ಅರ್ಧ ನಿಮಿಷ ಸಾಕಾಯಿತು, ಆದರೂ ಯಾರೂ ಕದಲಲಿಲ್ಲ. ಮೂಲೆಯಲ್ಲಿ ನಿನ್ನ ಪುಟ್ಟ ಸಹಿ ಇತ್ತು. ನನ್ನ ತಂಗಿಯದು ಎಂದು ಯಾರಿಗೂ ಹೇಳಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಪಟ್ಟಿ ಬರೆಯುವವಳು ನೀನು, ಬರೆಸುವವರು ಬೇರೆ. ಅತ್ತಿಗೆಯ ಬಗ್ಗೆ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಪಾತ್ರೆ ತೊಳೆಯಲು ಹೋದಳು. ಅಷ್ಟು ಖಾರವಾಗಿ ಬರೆಯಬೇಡ.

ಹೋದ ವಾರ ನಗೆಪಾಟಲಾದೆ. ಸ್ಟೇಷನ್ ಮ್ಯಾನೇಜರು ಹಿಂದಿನಿಂದ ಮೂರು ಸಲ ಕರೆದರಂತೆ, ನಾನು ಯೋಚನೆಯಲ್ಲಿ ನಡೆದುಬಿಟ್ಟೆ. "ಏನಪ್ಪಾ, ದೊಡ್ಡ ಮನುಷ್ಯ ಆಗ್ಬಿಟ್ಯಾ?" ಎಂದು ಎದುರು ಬಂದು ನಿಂತರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಒಂದು ಮಾತು ಕೇಳುತ್ತೇನೆ. ನಾನು ಯಾವತ್ತೂ ನಿನ್ನ ಕೆಲಸದಲ್ಲಿ ಮೂಗು ತೂರಿಸಿದವನಲ್ಲ. ಕಂಪನಿಯ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ವಿಮಾನವಿದ್ದರೆ ತಂಡಕ್ಕೆ ಮೂವರು, ಮೂರಾದರೆ ಇಬ್ಬರು. ನಾಲ್ಕು ಇರುವವರೆಗೆ ನಾನು, ಮೀಸೆ, ಪೈಲ್ವಾನ್ ಹೀಗೇ ಇರಬಹುದು. ನಿನ್ನ ಕೈಯಲ್ಲೇನಾದರೂ ಇದ್ದರೆ ಆ ಸಂಜೆಯ ವಿಮಾನವನ್ನು ಮುಟ್ಟಬೇಡ. ಅದೊಂದಿದ್ದರೆ ನಾನು ಇನ್ನು ಐದು ವರ್ಷ ಎಳೆದು ನಿವೃತ್ತನಾಗುತ್ತೇನೆ. ಬೇರೇನೂ ಬೇಡ.

ಅಣ್ಣ


ನವೆಂಬರ್ ೧೬

ಅಣ್ಣಾ,

ಕೆಟ್ಟ ಸುದ್ದಿ. ಅಧಿಕೃತವಾಗಿ ನಿಮಗೆ ಡಿಸೆಂಬರಿನಲ್ಲಿ ತಿಳಿಯುತ್ತದೆ, ನಾನು ಮೊದಲೇ ಹೇಳುತ್ತಿದ್ದೇನೆ, ಯಾರಿಗೂ ಹೇಳಬೇಡ. ಜನವರಿ ಹತ್ತರಿಂದ ಸಂಜೆಯ ವಿಮಾನ ಇರುವುದಿಲ್ಲ. ಮೇಲಿನವರ ತೀರ್ಮಾನ. ನಾನು ಏನೂ ಮಾಡುವಂತಿರಲಿಲ್ಲ.

ಇನ್ನು ಅಲ್ಲಿ ನಿನ್ನನ್ನು ಹಿಡಿದಿಡುವುದು ಏನಿದೆ? ಅರ್ಜಿ ತುಂಬಲು ಹದಿನಾಲ್ಕು ದಿನ ಉಳಿದಿದೆ. ನನಗೋಸ್ಕರವಾದರೂ ಬಾ.

ಕುಳ್ಳಿ


ನವೆಂಬರ್ ೨೮

ಕುಳ್ಳಿಗೆ,

ನಿನ್ನ ಕಾಗದ ತಲುಪಲು ಮೂರು ದಿನ ಹಿಡಿಯಿತು. ಟಪಾಲು ಚೀಲ ಈಗ ಜಾಗವಿದ್ದ ವಿಮಾನದಲ್ಲಿ ಬರುತ್ತದೆ.

ಆಗುವುದಿಲ್ಲ. ಬರಲಾರೆ. ಆ ಜಾಗವನ್ನು ಬೇರೆ ಯಾರಿಗಾದರೂ ಕೊಡಿಸು. ಯಾಕೆ ಎಂದು ಕೇಳಬೇಡ, ಅತ್ತಿಗೆಯನ್ನೂ ಬೈಯಬೇಡ.

ಅಣ್ಣ


ಜನವರಿ ೧೫

ಕುಳ್ಳಿಗೆ,

ಡಿಸೆಂಬರ್ ಪೂರ್ತಿ ನಿನ್ನಿಂದ ಒಂದಕ್ಷರ ಇಲ್ಲ. ಮುನಿಸಿಕೊಂಡಿದ್ದೀಯ. ಚಿಕ್ಕವಳಿದ್ದಾಗ ಮುನಿಸಿಕೊಂಡರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದೆ, ಕಾಲು ಹಿಡಿದು ಎಳೆದರೆ ನಗುತ್ತಿದ್ದೆ. ಈಗ ಕಾಲು ಎಟುಕುವುದಿಲ್ಲ.

ಸಂಜೆಯ ವಿಮಾನ ನಿಂತಿತು. ಪೈಲ್ವಾನನನ್ನು ಮನೆಗೆ ಕಳಿಸಿದರು. ಎಲ್ಲೋ ಗೋದಾಮಿನಲ್ಲಿ ಕಾವಲು ಕೆಲಸ ಹುಡುಕಿಕೊಂಡಿದ್ದಾನಂತೆ. ಹೋಗುವ ದಿನ ನನ್ನ ಎರಡೂ ಭುಜ ಹಿಡಿದು, ಮುಖಕ್ಕೆ ಮುಖ ಕೊಟ್ಟು, "ಹುಷಾರು ಕಣಯ್ಯ, ಮೇಲೆ ನೋಡ್ತಾ ಇರು" ಎಂದ. ಅವನಿಗೆ ನನ್ನ ವಿಷಯ ಗೊತ್ತು.

ಮಧ್ಯದಲ್ಲಿ ನಿಂತು ನೋಡುವವನು ಇಲ್ಲದೆ ಹೇಗೆ ಕೆಲಸ ಮಾಡುವುದು ಎಂದು ಮೀಸೆ ಮ್ಯಾನೇಜರನ್ನು ಕೇಳಿದನಂತೆ. ಅದಕ್ಕೂ ಒಂದು ಸುತ್ತೋಲೆ ಬಂದಿದೆ. ಅಂಗಳದಲ್ಲಿ ಈಗ ಸದ್ದು ಕಡಿಮೆಯಾದ ಕಾರಣ ಕೈಸನ್ನೆ ಮಾಡುವವನ ಅಗತ್ಯವಿಲ್ಲ, ಇಬ್ಬರೂ ಬಾಯಿಮಾತಿನಲ್ಲೇ ಸೂಚನೆ ಕೊಟ್ಟುಕೊಳ್ಳಬೇಕು. ಕೂಗಿದರೆ ಕೇಳುತ್ತದಂತೆ.

ಇಡೀ ಪಾಳಿ ತಲೆ ಎತ್ತಿಕೊಂಡೇ ಇರುತ್ತೇನೆ. ಕತ್ತು ಹಿಡಿದುಕೊಂಡಿದೆ. ಅತ್ತಿಗೆ ಬಿಸಿನೀರಿನ ಬಟ್ಟೆ ಇಡುತ್ತಾಳೆ.

ಅಣ್ಣ


ಜನವರಿ ೨೯

ಅಣ್ಣಾ,

ಸರಿ, ಮಂಚದ ಕೆಳಗಿಂದ ಹೊರಗೆ ಬಂದಿದ್ದೇನೆ. ನನ್ನದೂ ಅತಿಯಾಯಿತು.

ನಿನ್ನ ವಿಷಯ ಪೈಲ್ವಾನನಿಗೆ ಗೊತ್ತು ಎಂದು ಬರೆದಿದ್ದೀಯ. ಯಾವ ವಿಷಯ? ನಿನ್ನ ಹಟದ ವಿಷಯ ತಾನೆ? ಅದು ಊರಿಗೆಲ್ಲ ಗೊತ್ತು.

ಇಬ್ಬರೇ ಆದೆವು ಎಂದು ಅಷ್ಟೊಂದು ಕೊರಗಬೇಡ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಇಪ್ಪತ್ತಾರು ವರ್ಷ ಮೂಕರ ಹಾಗೆ ಕೈ ಬೀಸಿಕೊಂಡಿದ್ದೀರಿ, ಈಗಲಾದರೂ ಬಾಯಿಬಿಟ್ಟು ಮಾತಾಡಿ. ಮೀಸೆಯ ಹಾಡು ಕೇಳು. ಮುಂದಿನ ಸಲ ಬರೆಯುವಾಗ ಅವನು ಯಾವ ಹಾಡು ಹಾಡುತ್ತಾನೆ ಎಂದು ಬರಿ, ನನಗೆ ಕುತೂಹಲ.

ಏಪ್ರಿಲ್ ಹೊತ್ತಿಗೆ ಇಲ್ಲಿ ಮತ್ತೆ ಜಾಗ ಖಾಲಿಯಾಗಬಹುದು. ಅತ್ತಿಗೆಗೆ ನಾನೇ ಕಾಗದ ಬರೆದು ಕ್ಷಮೆ ಕೇಳುತ್ತೇನೆ, ಕೈಮುಗಿದು ಕರೆಯುತ್ತೇನೆ.

ಕುಳ್ಳಿ


ಫೆಬ್ರವರಿ ೧೦

ಕುಳ್ಳಿಗೆ,

ಮೀಸೆಯ ಕೈ ಹೋಯಿತು.

ನಿನ್ನ ಕಾಗದ ಬಂದದ್ದೂ ಆ ದಿನವೇ, ಎರಡನೇ ತಾರೀಕು, ಬೆಳಗಿನ ಎರಡನೇ ವಿಮಾನದಲ್ಲಿ. ಚೀಲ ಇಳಿಸಿ, ಕಾಗದವನ್ನು ಜೇಬಿಗೆ ಹಾಕಿಕೊಂಡು, ಪೆಟ್ಟಿಗೆ ಹತ್ತಿಸಲು ಶುರುಮಾಡಿದೆ. ಒಂದು ಚೀಲದ ಪಟ್ಟಿ ಬೆಲ್ಟಿನ ಮೇಲ್ತುದಿಯ ಉರುಳೆಗೆ ಸಿಕ್ಕಿಕೊಂಡಿತಂತೆ. ಮೀಸೆ ನಿಲ್ಲಿಸು ಎಂದು ಕೂಗಿ, ಬಿಡಿಸಲು ಕೈ ಹಾಕಿದ. ಹೊಸ ಪದ್ಧತಿ ಹಾಗೇ ಇತ್ತು, ಮೊದಲು ಕೂಗಬೇಕು, ಆಮೇಲೆ ಕೈ ಹಾಕಬೇಕು. ನಾನು ಟ್ರಾಲಿಯ ಕಡೆ ತಿರುಗಿ ಒಂದು ಭಾರದ ಪೆಟ್ಟಿಗೆ ಎತ್ತುತ್ತಿದ್ದೆ. ಎಷ್ಟು ಹೊತ್ತು, ಹತ್ತೆಣಿಸುವಷ್ಟು. ತಿರುಗಿ ನೋಡಿದಾಗ ದೂರದಲ್ಲಿ ಇಂಧನದ ಲಾರಿಯವನು ಗಾಡಿಯಿಂದ ಇಳಿದು ನನ್ನ ಕಡೆಗೇ ಓಡಿ ಬರುತ್ತಿದ್ದ, ಬಾಯಿ ದೊಡ್ಡದಾಗಿ ತೆರೆದಿತ್ತು. ಆಗ ಮೇಲೆ ನೋಡಿದೆ, ಸ್ವಿಚ್ಚು ಆರಿಸಿದೆ. ಮಣಿಕಟ್ಟಿನಿಂದ ಮುಂದಕ್ಕೆ ಏನೂ ಉಳಿಸಲಾಗಲಿಲ್ಲ ಎಂದರು ಆಸ್ಪತ್ರೆಯಲ್ಲಿ.

ನನಗೆ ಕೇಳಿಸಲಿಲ್ಲ ಕುಳ್ಳಿ. ಆರು ವರ್ಷದಿಂದ ನನಗೆ ಸರಿಯಾಗಿ ಏನೂ ಕೇಳಿಸುವುದಿಲ್ಲ, ಈಚಿನ ಎರಡು ವರ್ಷದಲ್ಲಂತೂ ಪೂರ್ತಿ ಹೋಗಿದೆ. ಸೇರಿದ ಮೊದಲ ಎಂಟು ವರ್ಷ ನಮಗೆ ಮುಚ್ಚಳ ಕೊಟ್ಟಿರಲಿಲ್ಲ, ಹತ್ತಿ ತುರುಕಿಕೊಂಡು ಎಂಜಿನ್ನಿನ ಪಕ್ಕ ನಿಲ್ಲುತ್ತಿದ್ದೆವು. ಎದುರಿಗಿದ್ದವರ ಬಾಯಿ ನೋಡಿ ಮಾತು ಹಿಡಿಯುವುದನ್ನು ಕಲಿತುಕೊಂಡೆ. ಇಲ್ಲಿನ ಡಾಕ್ಟರು ಹಾಗೇ ದಾಟಿಸಿದರು, ಎದುರು ಕೂರಿಸಿಕೊಂಡು "ಕೇಳಿಸ್ತಾ?" ಎನ್ನುತ್ತಿದ್ದರು, "ಹ್ಞೂಂ ಸಾರ್" ಎನ್ನುತ್ತಿದ್ದೆ. ನಿಮ್ಮಲ್ಲಿ ಗಾಜಿನ ಗೂಡಿನೊಳಗೆ ಕೂರಿಸಿ ಯಂತ್ರದಿಂದ ಪರೀಕ್ಷೆ ಮಾಡುತ್ತಾರಂತೆ. ಅಲ್ಲಿ ಕೂತ ಮರುಗಳಿಗೆ ನನ್ನ ಕೆಲಸ ಹೋಗುತ್ತಿತ್ತು. ಬರಲಾರೆ ಎಂದದ್ದು ಅದಕ್ಕೆ. ಫೋನ್ ಬೇಡ ಎಂದದ್ದೂ ಅದಕ್ಕೇ. ನೀನು ಜಾಣಕಿವುಡು ಎಂದು ಬರೆದೆಯಲ್ಲ, ನನ್ನದು ಬರೀ ಕಿವುಡು.

ಆ ಗದ್ದಲದಲ್ಲಿ ನನ್ನ ಗುಟ್ಟು ಭದ್ರವಾಗಿತ್ತು. ಅಲ್ಲಿ ಎಲ್ಲರೂ ಕಿವುಡರೇ. ನಿಲ್ದಾಣ ಸುಮ್ಮನಾಗುತ್ತಾ ಬಂದ ಹಾಗೆ ನಾನೊಬ್ಬನೇ ಉಳಿದೆ.

ಅತ್ತಿಗೆಗೆ ಎಲ್ಲ ಗೊತ್ತಿತ್ತು. ಹೋಗೋಣ, ನಿಜ ಹೇಳಿಬಿಡೋಣ, ಕೂತು ಮಾಡುವ ಕೆಲಸ ಯಾವುದಾದರೂ ಕೊಟ್ಟಾರು ಎಂದು ಅವಳೇ ಹೇಳುತ್ತಿದ್ದಳು. ನೀನು ಬೈದದ್ದನ್ನು ಓದಿ ಹೇಳಿದ ದಿನ, "ಬೈದ್ರೆ ಬೈಲಿ ಬಿಡಿ, ನನಗೇನಾಗುತ್ತೆ? ಗೊತ್ತಾದ್ರೆ ನಿಮಗಾಗುತ್ತೆ" ಎಂದಳು. ಅವಳ ಹೆಸರು ಕೆಡಿಸಿ ನಾನು ಬಚಾವಾದೆ.

ಪೈಲ್ವಾನ್ ಹೇಗೋ ಕಂಡುಹಿಡಿದಿದ್ದ. ಮೀಸೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನು ಬೆಲ್ಟಿಗೆ ಕೈ ಹಾಕುತ್ತಿರಲಿಲ್ಲ.

ಇದೇ ಇಪ್ಪತ್ತೆಂಟಕ್ಕೆ ವಿಚಾರಣೆ.

ಅಣ್ಣ


ಫೆಬ್ರವರಿ ೧೮

ಅಣ್ಣಾ,

ನಿನ್ನ ಕಾಗದಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. ಹಾಡುತ್ತಾನಂತೆ, ಗುಂಯ್ ಎನ್ನುತ್ತದಂತೆ, ಗುಟುರು ಹಾಕುತ್ತವಂತೆ, ಮೂರು ಸಲ ಕರೆದರಂತೆ. ಕಂಡದ್ದನ್ನೆಲ್ಲ ಕಂಡ ಹಾಗೆ ಬರೆದಿದ್ದೀಯ, ಸದ್ದು ಬಂದ ಕಡೆಯಲ್ಲೆಲ್ಲ ಒಂದು "ಅಂತೆ" ಇದೆ. ನಿನ್ನ ಪಕ್ಕದಲ್ಲೇ ಹಾಡುವವನ ಹಾಡನ್ನು ನೀನು ಇನ್ನೊಬ್ಬರಿಂದ ತಿಳಿದುಕೊಂಡು ಬರೆಯುತ್ತಿದ್ದೆ. ದಿನವಿಡೀ ಸಣ್ಣ ಅಕ್ಷರದಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಇದು ನನ್ನ ಕಣ್ಣಿಗೆ ಬೀಳಲಿಲ್ಲ. ಅತ್ತಿಗೆಯ ಮುಖ ನಾನು ಇನ್ನು ಹೇಗೆ ನೋಡಲಿ?

ಇನ್ನೊಂದಿದೆ. ಬರೆಯದೆ ಮುಚ್ಚಿಟ್ಟರೆ ನಾನು ಮನುಷ್ಯಳಲ್ಲ. ಸಂಜೆಯ ವಿಮಾನವನ್ನು ತೆಗೆದದ್ದು ಮೇಲಿನವರಲ್ಲ. ನವೆಂಬರಿನಲ್ಲಿ ಎಲ್ಲಾದರೂ ಒಂದು ವಿಮಾನ ಕಡಿಮೆ ಮಾಡಬೇಕು ಎಂದಾಗ ಎರಡು ಊರು ಎದುರಿಗಿದ್ದವು, ನಿಮ್ಮದು ಮತ್ತು ಇನ್ನೊಂದು. ಎರಡರಲ್ಲೂ ಪ್ರಯಾಣಿಕರ ಸಂಖ್ಯೆ ಒಂದೇ. ಮುಖ್ಯಸ್ಥರು ಟೀ ಕುಡಿಯುತ್ತಾ "ಯಾವುದಾದ್ರೂ ಒಂದು ತೆಗಿಯಮ್ಮ" ಎಂದು ನನಗೇ ಬಿಟ್ಟರು. ನಿನ್ನ ಕಾಗದ ನನ್ನ ಮೇಜಿನ ಮೇಲೇ ಇತ್ತು, ಮುಟ್ಟಬೇಡ ಎಂದು ಬರೆದ ಕಾಗದ. ಆ ವಿಮಾನ ಇರುವವರೆಗೆ ನೀನು ಅಲ್ಲಿಂದ ಕದಲುವುದಿಲ್ಲ, ಅದು ಹೋದರೆ ಬಂದೇ ಬರುತ್ತೀಯ ಎಂದುಕೊಂಡೆ. ಪರದೆಯ ಮೇಲೆ ಅದೊಂದು ನೀಲಿ ಪಟ್ಟಿ. ಅಳಿಸಿಬಿಟ್ಟೆ. ನಿನ್ನನ್ನು ಹತ್ತಿರ ಕರೆಸಿಕೊಳ್ಳಬೇಕು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಈಗ ನಾನು ಹೇಳುವುದನ್ನು ಕೇಳು. ವಿಚಾರಣೆಯಲ್ಲಿ ಕಿವಿಯ ವಿಷಯ ಎತ್ತಬೇಡ. ಇಲ್ಲಿ ವಿಚಾರಿಸಿದ್ದೇನೆ. ನೀನು ಬಚ್ಚಿಟ್ಟು ಕೆಲಸ ಮಾಡಿದ್ದೀಯ ಎಂದು ಗೊತ್ತಾದರೆ ಅದೇ ದಿನ ಹೊರಗೆ ಹಾಕುತ್ತಾರೆ, ಪೊಲೀಸರವರೆಗೂ ಹೋಗಬಹುದು. ಇಂಧನದ ಲಾರಿಯವನು ಗಾಜು ಏರಿಸಿಕೊಂಡು ಕೂತಿದ್ದನಂತೆ, ಕೂಗು ಅವನಿಗೆ ಕೇಳಿಸಿಲ್ಲ. ಬೇರೆ ಸಾಕ್ಷಿ ಇಲ್ಲ. ಮೀಸೆ ಕೂಗಲಿಲ್ಲ ಎಂದು ಹೇಳು. ಕೂಗದೆ ಕೈ ಹಾಕಿದ ಎಂದರೆ ಮುಗಿಯಿತು. ಅವನ ಕೈ ಹೇಗೂ ಹೋಯಿತು, ನೀನಾದರೂ ಉಳಿ. ಬರೆಯುವಾಗ ನನಗೇ ಹೇಸಿಗೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನನ್ನನ್ನು ಕ್ಷಮಿಸು ಅಣ್ಣಾ.

ಕುಳ್ಳಿ


ಮಾರ್ಚ್ ೮

ಕುಳ್ಳಿಗೆ,

ಇದನ್ನು ಅಂಚೆಯಲ್ಲಿ ಹಾಕುತ್ತಿದ್ದೇನೆ. ಕಂಪನಿಯ ಚೀಲದಲ್ಲಿ ಹಾಕಲು ಈಗ ನನಗೆ ಹಕ್ಕಿಲ್ಲ.

ವಿಚಾರಣೆ ನಡೆದದ್ದು ನಿನ್ನ ಹಳೆಯ ಮಹಡಿಯಲ್ಲೇ, ಬೀಗ ತೆಗೆಸಿ ಎರಡು ಮೇಜು ಹಾಕಿದ್ದರು. ಬಂದಿದ್ದ ಅಧಿಕಾರಿ ತಲೆ ಬಗ್ಗಿಸಿ ಕಾಗದ ನೋಡಿಕೊಂಡೇ ಪ್ರಶ್ನೆ ಕೇಳುತ್ತಿದ್ದ. ಅವನ ಬಾಯಿ ನನಗೆ ಕಾಣಲಿಲ್ಲ. ಮೂರು ಸಲ ಕೇಳಿ ಉತ್ತರ ಬಾರದೆ ತಲೆ ಎತ್ತಿದ. ಆಗ ಹೇಳಿದೆ, "ಸಾರ್, ಮುಖ ಮೇಲೆ ಮಾಡಿ ಮಾತಾಡಿ. ನನಗೆ ಕಿವಿ ಕೇಳಲ್ಲ. ಅವನು ಕೂಗಿದ್ದಾನೆ. ಕೂಗದೆ ಕೈ ಹಾಕೋನಲ್ಲ ಅವನು. ನನಗೆ ಕೇಳ್ಲಿಲ್ಲ." ಅಧಿಕಾರಿ ಪೆನ್ನು ಕೆಳಗಿಟ್ಟ. ಮ್ಯಾನೇಜರು, "ಯಾಕಯ್ಯ ಇಷ್ಟು ವರ್ಷ ಹೇಳ್ಲಿಲ್ಲ?" ಎಂದರು. ಹೇಳಿದರೆ ಕೆಲಸ ಹೋಗುತ್ತಿತ್ತು ಎಂದೆ. ಅದನ್ನೂ ಬರೆದುಕೊಂಡರು. ಸಂಜೆಯೊಳಗೆ ಗುರುತಿನ ಚೀಟಿ ತೆಗೆದುಕೊಂಡರು. ಮುಂದೆ ಏನು ಮಾಡುತ್ತಾರೋ ಗೊತ್ತಿಲ್ಲ. ಮೀಸೆಯ ತಪ್ಪಿಲ್ಲ ಎಂದು ದಾಖಲಾಗಿದೆ, ಅಷ್ಟನ್ನು ನಾನೇ ಓದಿ ಸಹಿ ಹಾಕಿದೆ.

ನೀನು ಹೇಳಿಕೊಟ್ಟ ಹಾಗೆ ಹೇಳಲಿಲ್ಲ. ಹೇಳಬೇಕು ಎಂದು ಒಂದು ಗಳಿಗೆ ನನಗೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ವಿಚಾರಣೆಯ ಮಾತು ಇನ್ನು ಸಾಕು. ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಮೀಸೆ ದಿಂಬಿಗೆ ಒರಗಿ ಕೂತಿದ್ದ. ಕೈಯನ್ನು ಹೊದಿಕೆಯ ಕೆಳಗೆ ಇಟ್ಟುಕೊಂಡಿದ್ದ. ನನ್ನ ಕಿವಿಯ ವಿಷಯ, ಆರು ವರ್ಷದ್ದು, ಎಲ್ಲವನ್ನೂ ಹೇಳಿದೆ. ಆಮೇಲೆ ಅವನು ಏನೋ ಹೇಳಿದ. ಒಂದೇ ಮಾತು, ಚಿಕ್ಕದು. ಎಲ್ಲರ ಬಾಯಿ ನೋಡಿ ಮಾತು ಹಿಡಿಯುತ್ತೇನೆ, ಅವನದು ಮಾತ್ರ ಎಂದೂ ಆಗಿಲ್ಲ, ತುಟಿಯೇ ಕಾಣದ ಹಾಗೆ ಆ ಮೀಸೆ ಬೆಳೆಸಿದ್ದಾನೆ. ಬೈದನೋ, ಹೋಗಲಿ ಬಿಡು ಎಂದನೋ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳುವ ಮುಖ ನನಗಿರಲಿಲ್ಲ. ತಲೆಯಾಡಿಸಿ ಎದ್ದು ಬಂದೆ.

ಸಂಜೆಯ ವಿಮಾನದ ವಿಷಯ. ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಬೆಂಕಿಯಾಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಪೈಲ್ವಾನ್ ನಡುವೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಅತ್ತಿಗೆ ಹೇಳಿದಳು, "ಅವಳು ನಿಮ್ಮನ್ನ ಹತ್ರ ಕರೆಸಿಕೊಳ್ಳೋಕೆ ಮಾಡಿದ್ಲು, ನೀವು ಕೆಲಸ ಉಳಿಸಿಕೊಳ್ಳೋಕೆ ಮಾಡಿದ್ರಿ. ಇಬ್ರೂ ಒಂದೇ." ನಾನು ನಿನ್ನಿಂದ ಮುಚ್ಚಿಟ್ಟೆ, ನೀನು ನನ್ನಿಂದ ಮುಚ್ಚಿಟ್ಟೆ. ಕಳೆದುಕೊಂಡವನು ನಮ್ಮ ಮನೆಯವನೂ ಅಲ್ಲ.

ನನ್ನ ಹತ್ತಿರ ಕ್ಷಮೆ ಕೇಳಿ ಪ್ರಯೋಜನವಿಲ್ಲ. ನಾನು ಕೊಟ್ಟರೂ ಅದು ಸಲ್ಲುವುದಿಲ್ಲ. ಆ ವಿಮಾನವನ್ನು ತೆಗೆದವರು ಯಾರು ಎಂದು ಮೀಸೆಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ, ಅದನ್ನು ನೀನೇ ಬರೆಯಬೇಕು. ಹಾಳೆಯ ಹಿಂದೆ ಅವನ ಮನೆಯ ವಿಳಾಸ ಬರೆದಿದ್ದೇನೆ. ಮುಂದಿನ ವಾರ ಮನೆಗೆ ಕಳಿಸುತ್ತಾರೆ. ಸುತ್ತಿ ಬಳಸಿ ಬರೆಯಬೇಡ, ನನಗೆ ಬರೆದ ಹಾಗೇ ನೇರವಾಗಿ ಬರಿ. ಅವನಿಗೆ ಓದಲು ಚೆನ್ನಾಗಿ ಬರುತ್ತದೆ.

ಉತ್ತರಕ್ಕೆ ಕಾಯಬೇಡ. ಅವನು ಬರೆಯುತ್ತಿದ್ದದ್ದು ಬಲಗೈಯಲ್ಲಿ.

ಅಣ್ಣ